ಕೈ ತೆಗೆಯದವನು

ಬಂದ ಮೊದಲ ದಿನವೇ ಶಶಾಂಕನ ಅಂಗಿ ಸುಟ್ಟೆ. ಬೇಕೆಂದೇ ಸುಟ್ಟೆ.

ಅವನು ಬಿಂಡಿಗನವಿಲೆಯಿಂದ ಪಾಂಡವಪುರದ ನಮ್ಮ ಕುಲುಮೆಗೆ ಬಂದಿದ್ದ. ನನ್ನಪ್ಪ ಕಾಳಪ್ಪನಿಗೆ ಕೈ ನಡುಕ ಹತ್ತಿ ಇಕ್ಕಳ ಹಿಡಿಯಲು ಆಗುತ್ತಿರಲಿಲ್ಲ. ಕಬ್ಬು ಕಡಿಯುವ ಕಾಲ ಬೇರೆ, ಮಚ್ಚು ಹದ ಮಾಡಿಸಲು ಜನ ಬಾಗಿಲಲ್ಲೇ ಕೂತಿರುತ್ತಿದ್ದರು. ನಮ್ಮ ಕುಲದವನು, ಕೆಲಸ ಬಲ್ಲವನು ಎಂದು ಅಪ್ಪನೇ ಕರೆಸಿದ್ದು. ಸೆರಗು ಸೊಂಟಕ್ಕೆ ಸಿಕ್ಕಿಸಿ ದೊಡ್ಡ ಸುತ್ತಿಗೆಯ ಪಕ್ಕ ನಿಂತಿದ್ದ ನನ್ನನ್ನು ಅವನು ನೋಡಿ, ಸುತ್ತಿಗೆ ಹೊಡೆಯುವವರು ಯಾರು ಎಂದು ಅಪ್ಪನನ್ನು ಕೇಳಿದ. ನಾನೇ ಎಂದೆ. ನಕ್ಕ. ನಗು ಚೆನ್ನಾಗಿತ್ತು, ಅದಕ್ಕೇ ಇನ್ನೂ ಸಿಟ್ಟು ಬಂತು. ಕಾದ ಕಬ್ಬಿಣ ಅಡಿಗಲ್ಲಿನ ಮೇಲೆ ಬಂದದ್ದೇ ತಡ, ಮೈಯ ಬಲವನ್ನೆಲ್ಲ ಹಾಕಿ ಏಟು ಬಿಟ್ಟೆ. ಕಿಡಿ ಹಾರಿ ಅವನ ಅಂಗಿಯ ಎದೆಯ ಮೇಲೆ ತೂತು ಬಿದ್ದವು.

"ಅಂಗಿ ಓದ್ರೆ ಓಗ್ಲಿ, ಬೆರಳು ಬುಟ್ಟು ಹೊಡಿ ತಾಯಿ," ಎಂದ.

ಕುಲುಮೆಯಲ್ಲಿ ಮಾತು ನಡೆಯುವುದಿಲ್ಲ, ಸದ್ದಿಗೆ ಕೇಳಿಸುವುದೂ ಇಲ್ಲ. ಇಕ್ಕಳ ಹಿಡಿದವನು ಸಣ್ಣ ಸುತ್ತಿಗೆಯಿಂದ ಕಬ್ಬಿಣದ ಮೇಲೆ ಎಲ್ಲಿ ತಟ್ಟುತ್ತಾನೋ ದೊಡ್ಡ ಸುತ್ತಿಗೆ ಅಲ್ಲೇ ಬೀಳಬೇಕು. ಬರಿಯ ಅಡಿಗಲ್ಲನ್ನು ತಟ್ಟಿದರೆ ನಿಲ್ಲಿಸು ಎಂದರ್ಥ. ಹತ್ತು ವರ್ಷದ ಹುಡುಗಿಯಾಗಿದ್ದಾಗಿಂದ ನನ್ನ ತೋಳಿಗೆ ಇದು ಗೊತ್ತು, ತಲೆಗೆ ಕೇಳಿ ಅದು ನಿಲ್ಲುವುದಲ್ಲ.

ಶಶಾಂಕ ಬಹಳ ಚೆನ್ನಾಗಿ ತಟ್ಟುತ್ತಿದ್ದ. ಆದರೆ ಕಳ್ಳ. ನಾನು ಸುತ್ತಿಗೆಯನ್ನು ತಲೆಯ ಮೇಲೆ ಎತ್ತಿದಾಗ ತಟ್ಟುವುದನ್ನು ಬೇಕೆಂದೇ ಚೂರು ತಡ ಮಾಡುತ್ತಿದ್ದ. ಸುತ್ತಿಗೆ ಎತ್ತಿ ಹಿಡಿದವಳು ಎಲ್ಲಿಗೆ ಓಡಲಿ, ಮುಖ ಎಲ್ಲಿ ಮುಚ್ಚಿಕೊಳ್ಳಲಿ? ಆ ಒಂದು ಗಳಿಗೆ ಬೆಂಕಿಯ ಬೆಳಕಲ್ಲಿ ನನ್ನನ್ನು ನೋಡುತ್ತಿದ್ದ, ಕತ್ತಿನ ಬೆವರನ್ನು, ಹಣೆಗೆ ಅಂಟಿದ ಕೂದಲನ್ನು. ಆಮೇಲೆ ಏನೂ ಗೊತ್ತಿಲ್ಲದವನ ಹಾಗೆ ಟಣ್ ಎನ್ನುತ್ತಿದ್ದ. ತೋಳು ನೋಯುತ್ತದೆ ಎಂದು ಬೈದರೆ, ನನಗೆ ನೋಯುವ ಜಾಗವೇ ಬೇರೆ ಎನ್ನುತ್ತಿದ್ದ. ನಾನು ತಿರುಗಿ ನಗುತ್ತಿದ್ದೆ, ಅವನಿಗೆ ಕಾಣದ ಹಾಗೆ.

ನಗಬಾರದಿತ್ತು. ನನ್ನ ಕಥೆ ಅವನಿಗೆ ಗೊತ್ತಿರಲಿಲ್ಲ.

ನನ್ನ ಗಂಡ ಕೆ.ಆರ್.ಪೇಟೆಯವನು. ಎಚ್ಐವಿ ಇದೆಯೆಂದು ಗೊತ್ತಿದ್ದೂ ಹೇಳದೆ ತಾಳಿ ಕಟ್ಟಿದ, ನನಗೂ ಅಂಟಿಸಿ ಸತ್ತ. ಅವನನ್ನು ಮಣ್ಣು ಮಾಡಿ ಬಂದ ದಿನವೇ ಮೈದುನ ದಿಲೀಪ ನನ್ನ ಸೀರೆ, ಹಾಸಿಗೆ, ತಟ್ಟೆ ಎಲ್ಲವನ್ನೂ ಅಂಗಳದಲ್ಲಿ ಗುಡ್ಡೆ ಹಾಕಿ ಬೆಂಕಿ ಇಟ್ಟ. ಅಡ್ಡ ಹೋದೆ. ಸೌದೆ ತಗೊಂಡು ಬಡಿದ, ಪಕ್ಕೆಲುಬು ಮುರಿಯಿತು. ಅತ್ತೆ ಜಗಲಿಯ ಮೇಲೆ ನಿಂತು ನೋಡುತ್ತಿದ್ದಳು. ನಾನು ಪೊಲೀಸಿಗೆ ದೂರು ಕೊಟ್ಟೆ, ಕೇಸು ಇನ್ನೂ ನಡೆಯುತ್ತಿದೆ.

ತಿಂಗಳಿಗೊಂದು ಭಾನುವಾರ ಶ್ರೀರಂಗಪಟ್ಟಣಕ್ಕೆ ಹೋಗುತ್ತೇನೆ. ಅಲ್ಲಿ ನನ್ನಂಥ ಹೆಂಗಸರು ಒಂದು ಕೋಣೆಯಲ್ಲಿ ಸೇರುತ್ತೇವೆ. ಪುಟ್ಟತಾಯಮ್ಮನನ್ನು ಸ್ವಂತ ಮಗನೇ ದನದ ಕೊಟ್ಟಿಗೆಯಲ್ಲಿ ಕೂಡಿ ಹಾಕಿ, ಕೋಲಿನ ತುದಿಯಿಂದ ತಟ್ಟೆ ತಳ್ಳುತ್ತಿದ್ದನಂತೆ. ನೂರ್ ಫಾತಿಮಾಗೆ ಗಂಡನ ಮನೆಯವರು ಸೀಮೆಎಣ್ಣೆ ಸುರಿದಿದ್ದರು. ಕಡ್ಡಿ ಗೀರುವಷ್ಟರಲ್ಲಿ ಅವಳು ಗೋಡೆ ಹಾರಿದ್ದಳು. ಇದನ್ನೆಲ್ಲ ಹೇಳಿಕೊಂಡು ಅಳುತ್ತೇವೆ, ಆಮೇಲೆ ಉಪ್ಪಿಟ್ಟು ತಿಂದು ಬಿದ್ದು ಬಿದ್ದು ನಗುತ್ತೇವೆ. ಭಾನುವಾರ ಎಲ್ಲಿಗೆ ಅಲಂಕಾರ ಮಾಡಿಕೊಂಡು ಹೋಗುವುದು ಎಂದು ಶಶಾಂಕ ಕೇಳಿದರೆ, ಸಂಘದ ಮೀಟಿಂಗು ಎನ್ನುತ್ತಿದ್ದೆ. ಅವನಿಗೆ ಹೊಟ್ಟೆಕಿಚ್ಚು. ಸಂಘಕ್ಕೆ ಮೀಸೆ ಇದೆಯೋ ಇಲ್ಲವೋ ಎಂದು ಸೋಮವಾರವೆಲ್ಲ ಕೆಣಕುತ್ತಿದ್ದ.

ಒಂದು ಭಾನುವಾರ ನಾನು ಅವನ ವಿಷಯ ಕೋಣೆಯಲ್ಲಿ ಹೇಳಿದೆ. ಮದುವೆಯ ಮಾತು ಅವನ ಬಾಯಿ ತುದಿಗೆ ಬಂದಿದೆ, ಏನು ಮಾಡಲಿ ಎಂದೆ. ಹೇಳದೆ ಇದ್ದುಬಿಡು ಎಂದರು ಕೆಲವರು. ನೂರ್ ಫಾತಿಮಾ ನನ್ನ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು.

"ಹೇಳ್ದೆ ಶಾದಿ ಆದ್ರೆ ನಿನ್ ಗಂಡ ಮಾಡಿದ ಧೋಖಾನೇ ನೀನೂ ಮಾಡ್ದಂಗೆ. ಹೇಳಿದ್ರೆ ಓಡೋಯ್ತಾನೆ. ಓಡೋದ್ರೆ ಓಡೋಗ್ಲಿ ಬುಡು, ಎದೆ ಮೇಲೆ ಕಲ್ಲಿಟ್ಕೊಂಡು ಬಾಳಾದು ಬ್ಯಾಡ."

ಸೋಮವಾರ ಬೆಳಗ್ಗೆ, ನಿನಗೊಂದು ಮಾತು ಹೇಳುವುದಿದೆ ಎಂದೆ. ಶಶಾಂಕ ಇಕ್ಕಳ ಕೆಳಗಿಟ್ಟು, ಕೈ ಒರೆಸಿಕೊಂಡು, ತಾನು ಕೇಳಬೇಕಾದ್ದನ್ನು ನಾನೇ ಹೇಳುತ್ತೇನೆಂಬ ಸಂಭ್ರಮದಲ್ಲಿ ನಿಂತ. ಅಷ್ಟರಲ್ಲಿ ದಿಲೀಪ ಒಳಗೆ ನುಗ್ಗಿದ.

ಕೇಸು ವಾಪಸ್ ತಗೋ ಎಂದ. ಆಗುವುದಿಲ್ಲ ಎಂದೆ. ಗೋಡೆಗೆ ಒರಗಿಸಿದ್ದ ಕಬ್ಬಿಣದ ಸರಳು ಅವನ ಕೈಗೆ ಹೇಗೆ ಬಂತೋ, ಹಣೆಗೆ ಬೀಸಿದ. ಕಣ್ಣಿಗೆ ಕತ್ತಲೆ ಕಟ್ಟಿತು. ಅಡ್ಡ ಬಂದ ಅಪ್ಪನನ್ನು ಒದ್ದ, ಅಪ್ಪ ಇದ್ದಿಲ ರಾಶಿಯ ಮೇಲೆ ಬಿದ್ದರು. ಶಶಾಂಕ ಹಾರಿ ಬರುವಷ್ಟರಲ್ಲಿ ದಿಲೀಪ ಸರಳನ್ನು ಅವನತ್ತ ಚಾಚಿ, ಬಾಗಿಲಲ್ಲಿದ್ದ ಗಿರಾಕಿಗಳಿಗೂ ಕೇಳುವ ಹಾಗೆ ಕೂಗಿದ.

"ಯಾರಿಗ್ಲಾ ಬಡಿದಾಡ್ತೀಯ? ಇವ್ಳಿಗೆ ಏಡ್ಸ್ ಐತೆ ಕಣ್ಲಾ. ನನ್ ಅಣ್ಣನ್ನ ತಿಂದವ್ಳೆ, ಈಗ ನಿನ್ನ ತಿಂತಾವ್ಳೆ."

ಗಿರಾಕಿಗಳು ಹಿಂದೆ ಸರಿದರು. ನಾನು ಶಶಾಂಕನ ಮುಖ ನೋಡಲಿಲ್ಲ. ನೋಡುವ ಧೈರ್ಯ ಇರಲಿಲ್ಲ. ದೊಡ್ಡ ಸುತ್ತಿಗೆ ಎತ್ತಿಕೊಂಡು ದಿಲೀಪನ ಮೇಲೆ ಹೋದೆ. ಮೊದಲ ಏಟಿಗೆ ಸರಳು ಅವನ ಕೈಯಿಂದ ಹಾರಿತು, ಜತೆಗೆ ಬೆರಳೂ ಮುರಿದಿರಬೇಕು, ಕಿರುಚಿಕೊಂಡ. ಹಿಂದಕ್ಕೆ ಎಡವಿ ಬಿದ್ದ. ನನ್ನ ಹಣೆಯ ರಕ್ತ ಅವನ ಅಂಗಿಯ ಮೇಲೆ ತೊಟ್ಟಿಕ್ಕುತ್ತಿತ್ತು. ಸುತ್ತಿಗೆಯ ಏಟಿಗಿಂತ ಹೆಚ್ಚಾಗಿ ಆ ಹನಿಗಳಿಗೆ ಅವನು ಹೆದರಿ ತೆವಳುವುದನ್ನು ನೋಡಿ ನನಗೆ ಸಂತೋಷವಾಯಿತು, ಸುಳ್ಳು ಯಾಕೆ ಹೇಳಲಿ. ಸುತ್ತಿಗೆಯನ್ನು ತಲೆಯ ಮೇಲಕ್ಕೆ ಎತ್ತಿದೆ. ಅವನ ಬುರುಡೆ ಬಿಟ್ಟರೆ ಬೇರೇನೂ ಕಾಣಿಸಲಿಲ್ಲ.

ಟಣ್.

ಬರಿಯ ಅಡಿಗಲ್ಲಿನ ಮೇಲೆ ಸಣ್ಣ ಸುತ್ತಿಗೆಯ ಸದ್ದು. ನನ್ನ ತೋಳು ನಿಂತುಬಿಟ್ಟವು. ನಾನು ನಿಲ್ಲಲಿಲ್ಲ, ತೋಳು ನಿಂತವು. ಸುತ್ತಿಗೆ ಕೈ ಜಾರಿ ದಿಲೀಪನ ಕಿವಿಯ ಪಕ್ಕ ನೆಲಕ್ಕೆ ಬಿತ್ತು.

ಶಶಾಂಕ ಅವನ ಕುತ್ತಿಗೆ ಪಟ್ಟಿ ಹಿಡಿದು ಎಬ್ಬಿಸಿ, ಬಾಗಿಲ ಚೌಕಟ್ಟಿಗೆ ಮುಖ ಅಪ್ಪಳಿಸಿ, ಬೀದಿಗೆ ಎಸೆದ. ಆಮೇಲೆ ನನ್ನ ಕಡೆ ತಿರುಗಿದ.

"ಮುಟ್ಟಬ್ಯಾಡ," ಎಂದೆ. "ಅವ್ನು ಹೇಳಿದ್ದು ದಿಟ. ಇವತ್ತು ಹೇಳ್ಬೇಕು ಅಂತಿದ್ದದ್ದು ಅದೇಯ."

ಅವನು ನಿಂತ. ನಿಲ್ಲು ಅಂದವಳು ನಾನೇ, ಅವನು ನಿಂತದ್ದಕ್ಕೆ ಎದೆ ಒಡೆದುಕೊಂಡವಳೂ ನಾನೇ. ಅಪ್ಪ ಎದ್ದು ಟವೆಲ್ಲು ತಂದು ನನ್ನ ಕೈಗೆ ಕೊಟ್ಟು, ಹಣೆಗೆ ಒತ್ತಿ ಹಿಡಿದುಕೋ ಎಂದರು. ಆಸ್ಪತ್ರೆಯಲ್ಲಿ ನರ್ಸಿಗೆ ನಾನೇ ಮೊದಲು ಹೇಳಿದೆ, ಅವರು ಎಲ್ಲರಿಗೂ ಹಾಕುವ ಗ್ಲೌಸನ್ನೇ ಹಾಕಿಕೊಂಡು ಹೊಲಿಗೆ ಹಾಕಿದರು. ಪೊಲೀಸಿಗೆ ಇನ್ನೊಂದು ದೂರು ಕೊಟ್ಟು ಮನೆಗೆ ಬಂದಾಗ ಶಶಾಂಕನ ಬೈಕು ಇರಲಿಲ್ಲ. ಓಡಿದ, ಎಲ್ಲರ ಹಾಗೇ ಇವನೂ ಓಡಿದ ಎಂದುಕೊಂಡೆ.

ಬೆಳಗ್ಗೆ ಬೆಂಕಿಗೆ ಗಾಳಿ ಊದುವ ತಿದಿಯ ಸದ್ದಿಗೆ ಎಚ್ಚರವಾಯಿತು. ಅಪ್ಪನಿಗೆ ತಿದಿ ಒತ್ತುವ ಶಕ್ತಿ ಇಲ್ಲ. ಕುಲುಮೆಗೆ ಹೋದರೆ ಶಶಾಂಕ ಬೆಂಕಿಯ ಮುಂದೆ ಕೂತಿದ್ದ. ತೂತು ಬಿದ್ದ ಅದೇ ಅಂಗಿ.

ನಿನ್ನನ್ನೇ ಕಟ್ಟಿಕೊಳ್ಳುತ್ತೇನೆಂದು ಊರಿಗೆ ಹೋಗಿ ಅವ್ವನಿಗೆ ಹೇಳಿ ಬಂದೆ ಎಂದ. ಅವ್ವ ಪೊರಕೆ ಎತ್ತಿದಳಂತೆ, ಮನೆಗೆ ಕಾಲಿಡಬೇಡ ಎಂದಳಂತೆ. ನಾನು ಗೋಡೆಗೆ ಒರಗಿ ನಿಂತೇ ಎಲ್ಲ ಹೇಳಿದೆ. ದಿನಾ ಮಾತ್ರೆ ನುಂಗುತ್ತೇನೆ, ವೈರಸ್ಸು ಪರೀಕ್ಷೆಯಲ್ಲಿ ಕಾಣದಷ್ಟು ಇಳಿದಿದೆ, ಹೀಗೇ ಇದ್ದರೆ ಕೂಡಿ ಬಾಳುವವನಿಗೆ ಅಂಟುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ, ನೀನೂ ಬಂದು ಅವರನ್ನೇ ಕೇಳು ಎಂದೆ. ಬರುತ್ತೇನೆ ಎಂದ.

"ಹೆದ್ರಿಕೆ ಆಗಾಕಿಲ್ವಾ?" ಎಂದು ಕೇಳಿದೆ.

"ಆಯ್ತದೆ. ನೆನ್ನೆ ಕಾಲೇ ಏಳ್ಲಿಲ್ಲ." ಇದ್ದಿಲು ಕೆದಕಿದ. "ನೀನು ಹೊಡಿಯೋ ಏಟು ದಿನಾ ನನ್ ಬೆರಳ ಪಕ್ಕದಲ್ಲೇ ಬೀಳ್ತದೆ. ಮೊದಲ್ನೆ ದಿನದಿಂದ್ಲೂ ಹೆದ್ರಿಕೆನೇ ಕಣೆ. ಯಾವತ್ತಾದ್ರೂ ಕೈ ತೆಗ್ದಿದ್ನಾ?"

ನಾನು ಅತ್ತೆ. ಹೊಲಿಗೆ ಹಾಕಿದ ಹಣೆ ಸಿಡಿಯುತ್ತಿದ್ದರೂ ಅತ್ತೆ. ಅವನು ಎದ್ದು ಬಂದು ತನ್ನ ಮಸಿ ಹಿಡಿದ ಹೆಬ್ಬೆರಳಲ್ಲಿ ನನ್ನ ಕಣ್ಣೀರು ಒರೆಸಿ, ಮುಖವನ್ನೆಲ್ಲ ಕಪ್ಪು ಮಾಡಿದ. ಆಮೇಲೆ ಕೆಂಪಗೆ ಕಾದ ಮಚ್ಚನ್ನು ಅಡಿಗಲ್ಲಿನ ಮೇಲೆ ಇಟ್ಟು ಸಣ್ಣ ಸುತ್ತಿಗೆ ಎತ್ತಿಕೊಂಡ.

ನಾನು ದೊಡ್ಡ ಸುತ್ತಿಗೆ ಎತ್ತಿದೆ. ತಲೆ ಇನ್ನೂ ತಿರುಗುತ್ತಿತ್ತು. ಅವನು ತಟ್ಟದೆ, ಎಂದಿನಂತೆ ತಡ ಮಾಡಿ, ನನ್ನನ್ನೇ ನೋಡುತ್ತಿದ್ದ.

"ಇವತ್ತು ಗುರಿ ತಪ್ಪಬೌದು. ಕೈ ಇಂದಕ್ಕೆ ತಗೊ," ಎಂದೆ.

"ತಗಳಾಕಿಲ್ಲ. ನೀನು ಹೊಡಿ," ಎಂದು ಕೆಂಪು ಕಬ್ಬಿಣದ ಮೇಲೆ ತಟ್ಟಿದ.

ಹೊಡೆದೆ.