ಭಾನುವಾರ ಬೆಂಕಿ ಇರಲಿಲ್ಲ

ಹನ್ನೊಂದನೇ ತಾರೀಕು, ಮಂಗಳವಾರ, ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಆ ಹೆಂಗಸು ಠಾಣೆಗೆ ಬಂದಳು. ಕೈಯಲ್ಲಿ ಮೇಲಿನ ಕೋರ್ಟಿನ ಆದೇಶದ ಪ್ರತಿಯಿತ್ತು, ಅದರ ಮೇಲೆ ತಾನೇ ಬರೆದ ಒಂದು ಪುಟದ ದೂರು ಇತ್ತು. ಇನ್‌ಸ್ಪೆಕ್ಟರ್ ಎರಡನ್ನೂ ಎರಡೆರಡು ಸಲ ಓದಿದರು. ಓದಿದಷ್ಟೂ ಅವರ ಮುಖ ಗಂಟಾಯಿತು.

ನಾಲ್ಕು ವರ್ಷದ ಹಿಂದಿನ ಕೇಸು. ಆಸ್ಪತ್ರೆಗಳ ಬಟ್ಟೆ ಒಗೆಯುವ ಕಾರ್ಖಾನೆಯಲ್ಲಿ ಒಂದು ಭಾನುವಾರ ಸಂಜೆ ಮೇಸ್ತ್ರಿ ತಲೆ ಒಡೆದು ಸತ್ತು ಬಿದ್ದಿದ್ದ. ಪಕ್ಕದಲ್ಲಿ ಬೂದಿ ಕೆದಕುವ ಕಬ್ಬಿಣದ ಸಲಾಕೆ ಇತ್ತು. ಅದು ಬಾಯ್ಲರ್ ನೋಡಿಕೊಳ್ಳುತ್ತಿದ್ದ ಈಕೆಯ ಅಣ್ಣನದು. ಅವನಿಗೂ ಮೇಸ್ತ್ರಿಗೂ ಹಿಂದಿನ ವಾರವಷ್ಟೇ ಜಗಳವಾಗಿತ್ತು. ಮಾರನೇ ದಿನ ಅವನು ತಾನೇ ನಡೆದು ಬಂದು "ನಾನೇ ಹೊಡೆದೆ" ಎಂದ, ಮ್ಯಾಜಿಸ್ಟ್ರೇಟ್ ಮುಂದೆಯೂ ಅದನ್ನೇ ಹೇಳಿದ. ಜೀವಾವಧಿ ಆಯಿತು. ಈಗ ಮೇಲ್ಮನವಿಯಲ್ಲಿ ಅವನ ಲಾಯರಮ್ಮ ಒಂದೇ ಒಂದು ಎಳೆ ಹಿಡಿದಿದ್ದರು. ರಕ್ತದ ಅಂಗಿಯನ್ನು ಬಾಯ್ಲರಿನ ಒಲೆಗೆ ಹಾಕಿ ಸುಟ್ಟೆ ಎಂದು ತಪ್ಪೊಪ್ಪಿಗೆಯಲ್ಲಿದೆ, ಆದರೆ ಆವತ್ತು ಒಲೆಯಲ್ಲಿ ಬೆಂಕಿ ಇತ್ತೇ? ಇದನ್ನು ತನಿಖೆ ಮಾಡಿ ನಾಲ್ಕು ವಾರದೊಳಗೆ ವರದಿ ಕೊಡಿ ಎಂದು ಕೋರ್ಟು ಹೇಳಿತ್ತು.

ಇನ್‌ಸ್ಪೆಕ್ಟರ್ ಈ ಠಾಣೆಗೆ ಬಂದು ಆರು ತಿಂಗಳೂ ಆಗಿರಲಿಲ್ಲ. ಈ ಕೇಸು ಮುಗಿಸಿದವರು ಬಡ್ತಿ ಪಡೆದು ಈಗ ಅವರ ಮೇಲಿನ ಕುರ್ಚಿಯಲ್ಲೇ ಕೂತಿದ್ದರು. ಯಾರೋ ಮಾಡಿದ ಅಡುಗೆಗೆ ತಾನು ಉಪ್ಪು ನೋಡಬೇಕಲ್ಲ ಎಂದು ಅವರಿಗೆ ರೇಗಿತು.

"ನಿಮ್ಮಣ್ಣ ಕೊಲೆ ಮಾಡಿಲ್ಲ ಅಂತೀರಾ?"

ಅವಳು ಮೇಜಿನ ಅಂಚು ನೋಡಿದಳು. "ಹೇಗಾದ್ರೂ ಬಿಡಿಸಿಕೊಡಿ ಸಾರ್."

"ನಾನು ಕೇಳಿದ್ದು ಅದಲ್ಲ."

"ನಂಗೆ ಬೇಕಿರೋದು ಅಷ್ಟೇ ಸಾರ್."

ಮೇಲ್ಮನವಿ ಹಾಕಿ ಎರಡು ವರ್ಷ ಕೋರ್ಟಿನ ಮೆಟ್ಟಿಲು ಸವೆಸಿದವಳ ಬಾಯಲ್ಲಿ 'ನನ್ನಣ್ಣ ಅಂಥವನಲ್ಲ' ಎನ್ನುವ ಒಂದು ಮಾತು ಬರಲಿಲ್ಲ. ಇದು ಇನ್‌ಸ್ಪೆಕ್ಟರಿಗೆ ಹಿಡಿಸಲಿಲ್ಲ. ಆಗ ಅವಳೂ ಅದೇ ಕಾರ್ಖಾನೆಯಲ್ಲಿ ಬಟ್ಟೆ ಮಡಚುತ್ತಿದ್ದಳು ಎಂಬುದನ್ನು ಅವರು ದೂರಿನ ಮೂಲೆಯಲ್ಲಿ ಗುರುತು ಹಾಕಿಕೊಂಡರು.

ಮಧ್ಯಾಹ್ನ ಹಳೆಯ ಕಡತ ಬಂತು. ಎಫ್‌ಐಆರ್, ಶವದ ಪಂಚನಾಮೆ, ಹೇಳಿಕೆಗಳು ಎಲ್ಲವೂ ಠಾಣೆಯ ರೈಟರ್ ಕೈಬರಹದಲ್ಲೇ ಇದ್ದವು. ಹದಿನೇಳು ವರ್ಷದಿಂದ ಠಾಣೆಯ ಬರವಣಿಗೆಯೆಲ್ಲ ಈ ಹೆಡ್ ಕಾನ್‌ಸ್ಟೆಬಲ್‌ದೇ. ಇನ್‌ಸ್ಪೆಕ್ಟರ್ ಅವರನ್ನು ಎದುರಿಗೆ ಕೂರಿಸಿಕೊಂಡರು.

"ಅಂಗಿ ಸುಟ್ಟೆ ಅಂತ ಅವನಾಗೇ ಹೇಳಿದ್ನಾ?"

ರೈಟರ್ ಕನ್ನಡಕ ತೆಗೆದು ಒರೆಸಿಕೊಂಡರು. "ನಾನೇ ಹೊಡೆದೆ ಅಂದ ಸಾರ್. ಅಂಗಿ ಎಲ್ಲೋ ಅಂದ್ವಿ, ಸುಮ್ನಿದ್ದ. ಬಾಯ್ಲರ್‌ಗೆ ಹಾಕಿದ್ಯಾ ಅಂದ್ವಿ, ಹೂಂ ಅಂದ."

"ಕೇಳಿದ್ದು ಯಾರು?"

"ನಾನೇ ಸಾರ್. ಬಾಯ್ಲರ್‌ನವನು ಇನ್ನೆಲ್ಲಿಗೆ ಹಾಕ್ತಾನೆ ಅಂದ್ಕೊಂಡೆ."

ಆ ಹೂಂ ಎಂಬುದನ್ನೇ ರೈಟರ್ ನಾಲ್ಕು ಸಾಲಿಗೆ ಎಳೆದಿದ್ದರು. ಆಸಾಮಿ ಅದನ್ನೇ ಮ್ಯಾಜಿಸ್ಟ್ರೇಟ್ ಮುಂದೆ ಗಿಣಿಪಾಠ ಒಪ್ಪಿಸಿದ್ದ. ಒಬ್ಬ ಮನುಷ್ಯನ ನಾಲ್ಕು ವರ್ಷ ಆ ನಾಲ್ಕು ಸಾಲಿನೊಳಗೆ ಹೋಗಿತ್ತು.

ಬುಧವಾರ ಬೆಳಿಗ್ಗೆ ಒಂಬತ್ತಕ್ಕೆ ಇಬ್ಬರೂ ಕಾರ್ಖಾನೆಗೆ ಹೋದರು. ಒಳಗೆ ಹಬೆ, ಸೋಡಾ ಪುಡಿಯ ಘಾಟು, ಕಿವಿಗಡಚಿಕ್ಕುವ ಸದ್ದು. ಆಳೆತ್ತರದ ನಾಲ್ಕು ಒಗೆಯುವ ಡ್ರಮ್ಮುಗಳು ತಿರುಗುತ್ತಿದ್ದವು. ಈಗಿನ ಬಾಯ್ಲರಿನವನು ವಾಚಾಳಿ.

"ಭಾನುವಾರ ಬೆಂಕಿನಾ? ಶನಿವಾರ ಸಂಜೆಗೇ ಆರಿಸಿಬಿಡ್ತೀವಿ ಸಾರ್. ಭಾನುವಾರ ಒಲೆಯೊಳಗೆ ಅರ್ಧ ಮೈ ತೂರಿಸಿ ಬೂದಿ ಕೆರೀಬೇಕು. ಬೆಂಕಿ ಇದ್ರೆ ಸುಟ್ಟ ಆಲೂಗಡ್ಡೆ ಆಗಿಬಿಡ್ತೀವಿ ಅಷ್ಟೇ. ಇದನ್ನ ಆಗ ಯಾರೂ ಕೇಳ್ಲೇ ಇಲ್ವಾ?"

ರೈಟರ್ ಗೋಡೆಯ ಕಡೆ ನೋಡಿದರು. ಬಾಯ್ಲರ್ ಸ್ವಚ್ಛತೆಯ ಹಳೆಯ ಪುಸ್ತಕ ಸಿಕ್ಕಿತು. ಕೊಲೆಯಾದ ಭಾನುವಾರದ ಎದುರು 'ಒಲೆ ಆರಿದೆ, ಬೂದಿ ತೆಗೆದಿದೆ' ಎಂದು ಬರೆದು ಆ ಅಣ್ಣನೇ ಸಹಿ ಹಾಕಿದ್ದ. ಹತ್ತು ನಲವತ್ತಕ್ಕೆ ಇಬ್ಬರು ಪಂಚರ ಮುಂದೆ ಪುಸ್ತಕ ವಶಕ್ಕೆ ಪಡೆದರು.

ಕೋರ್ಟು ಕೇಳಿದ್ದಕ್ಕೆ ಉತ್ತರ ಸಿಕ್ಕಿತ್ತು. ಜೀಪು ಹತ್ತಿ ಹೊರಟುಬಿಡಬಹುದಿತ್ತು. ಇನ್‌ಸ್ಪೆಕ್ಟರ್ ಹೊರಡಲಿಲ್ಲ. ಅಂಗಿ ಸುಡಲಿಲ್ಲ ಸರಿ, ಆದರೆ ಹೊಡೆದವರ ಬಟ್ಟೆಗೆ ರಕ್ತ ಹತ್ತಿಯೇ ಇರಬೇಕು. ಅದು ಎಲ್ಲಿಗೆ ಹೋಯಿತು? ಅವರೆದುರಿನಿಂದಲೇ ಕಲೆಯಾದ ಆಸ್ಪತ್ರೆ ಬಟ್ಟೆಗಳ ಗಾಡಿಯೊಂದು ಉರುಳಿಕೊಂಡು ಹೋಯಿತು.

"ರಕ್ತದ ಬಟ್ಟೆ ಹೇಗೆ ಒಗೀತೀರಮ್ಮ?" ಎಂದು ಗಾಡಿ ತಳ್ಳುವವಳನ್ನು ಕೇಳಿದರು.

"ಮೊದ್ಲು ತಣ್ಣೀರು ಸಾರ್. ಬಿಸಿನೀರಿಗೆ ಹಾಕಿದ್ರೆ ಕಲೆ ಕೂತುಬಿಡುತ್ತೆ. ಅದಕ್ಕೇ ನಾಲ್ಕನೇ ಡ್ರಮ್ ಬೇರೆ ಇದೆ. ಹಾಕಿದ ತಕ್ಷಣ ಪುಸ್ತಕದಲ್ಲಿ ಬರೀಬೇಕು, ಆಸ್ಪತ್ರೆಯೋರ ಕರಾರು."

"ಎಷ್ಟು ವರ್ಷದ ಪುಸ್ತಕ ಇದೆ?"

"ಐದು ವರ್ಷ ಇಡ್ಲೇಬೇಕು."

ಬೀರುವಿನಿಂದ ಧೂಳು ಕೊಡವಿ ಆ ವರ್ಷದ ಪುಸ್ತಕ ತೆಗೆದರು. ಭಾನುವಾರ ಆಸ್ಪತ್ರೆಗಳಿಂದ ಬಟ್ಟೆ ಬರುವುದಿಲ್ಲ, ಹಾಗಾಗಿ ಯಾವ ಭಾನುವಾರದ ಎದುರೂ ಏನೂ ಇರಲಿಲ್ಲ. ಕೊಲೆಯಾದ ಭಾನುವಾರ ಮಾತ್ರ ಒಂದು ಸಾಲು ಇತ್ತು: 'ನಾಲ್ಕನೇ ಡ್ರಮ್, ರಕ್ತ, ತಣ್ಣೀರು, 5.40.' ಆಸ್ಪತ್ರೆಯ ಹೆಸರಿನ ಜಾಗ ಖಾಲಿ.

"ಇದು ಯಾರ ಬರಹ?"

"ಡ್ರಮ್ ನಡೆಸೋ ಅಕ್ಕಂದು, ಡ್ರಮ್ಮಕ್ಕ ಅಂತೀವಿ. ಇಪ್ಪತ್ತೆರಡು ವರ್ಷದಿಂದ ಅವ್ರೇ ಬರೆಯೋದು. ಬರೀದೆ ಗುಂಡಿ ಒತ್ತೋ ಪೈಕಿ ಅಲ್ಲ ಅವ್ರು."

ಕಡತದಲ್ಲಿ ಆ ಡ್ರಮ್ಮಕ್ಕನ ಹೇಳಿಕೆಯೂ ಇತ್ತು. ಭಾನುವಾರ ತಾನು ಕಾರ್ಖಾನೆಗೆ ಬಂದೇ ಇರಲಿಲ್ಲ ಎಂದಿದ್ದಳು. ಕೈಗೆ ಅಂಟಿದ ಅಭ್ಯಾಸ ಅವಳ ಬಾಯಿಗಿಂತ ಮೊದಲೇ ಸತ್ಯ ಬರೆದಿಟ್ಟಿತ್ತು. ರೈಟರ್ ಆ ಸಾಲನ್ನೇ ನೋಡುತ್ತ, "ಆಗ ನಾವು ಹಾಜರಿ ಪುಸ್ತಕ ಮಾತ್ರ ತಗೊಂಡು ಹೋಗಿದ್ವಿ ಸಾರ್" ಎಂದರು. ಅವರ ಧ್ವನಿ ಇಳಿದುಹೋಗಿತ್ತು.

ಹನ್ನೆರಡೂವರೆಗೆ ಇನ್‌ಸ್ಪೆಕ್ಟರ್ ದೂರು ಕೊಟ್ಟ ಆ ತಂಗಿಯನ್ನು ಠಾಣೆಗೆ ಕರೆಸಿದರು.

"ಆ ಭಾನುವಾರ ನೀವು ಕಾರ್ಖಾನೇಲಿ ಇದ್ರಾ?"

ಮಹಿಳಾ ಕಾನ್‌ಸ್ಟೆಬಲ್ ನೀರು ತಂದಿಟ್ಟಳು. ಇವಳು ಮುಟ್ಟಲಿಲ್ಲ.

"ಇದ್ದೆ ಸಾರ್. ಸೋಮವಾರದ ಬಟ್ಟೆ ಜೋಡಿಸೋದಿದೆ ಬಾ ಅಂತ ಮೇಸ್ತ್ರಿ ಹೇಳಿದ್ದ. ಹೋದ್ರೆ ಮಡಚೋ ಕೋಣೇಲಿ ಬೇರೆ ಯಾರೂ ಇಲ್ಲ. ಕೈ ಹಿಡ್ಕೊಂಡ, ಬಾಗಿಲು ಹಾಕಕ್ಕೆ ಹೋದ. ಕೂಗ್ಕೊಂಡೆ. ತಪ್ಪಿಸ್ಕೊಂಡು ಓಡಿದೆ. ಹಿಂದೆ ತಿರುಗಿ ನೋಡ್ಲಿಲ್ಲ."

"ಅಣ್ಣ?"

"ಬೂದಿ ಚೆಲ್ಲಿ ವಾಪಸ್ ಬರ್ತಿದ್ದ. ತೋಳು ಹರಿದಿದ್ದು ನೋಡಿದ. ನಾನು ನಿಲ್ಲಲಿಲ್ಲ. ಅವನು ಒಳಗೆ ಹೋದ. ನನಗೋಸ್ಕರನೇ ಹೊಡೆದ ಅಂತ..."

"ಕೋರ್ಟಲ್ಲಿ ಯಾಕೆ ಹೇಳ್ಲಿಲ್ಲ?"

"ಬಾಯಿ ಬಿಟ್ರೆ ನನ್ನಾಣೆ ಅಂದ. ನಾಚಿಕೆನೂ ಆಗಿತ್ತು ಸಾರ್."

ಎರಡು ಹತ್ತಕ್ಕೆ, ಎರಡನೇ ಪಾಳಿಗೆ ಬಂದ ಡ್ರಮ್ಮಕ್ಕನನ್ನು ಇನ್‌ಸ್ಪೆಕ್ಟರ್ ಕಾರ್ಖಾನೆಯ ಗೇಟಿನಲ್ಲೇ ಮಾತನಾಡಿಸಿದರು. ಐವತ್ತು ದಾಟಿದ ಗಟ್ಟಿ ಮೈಕಟ್ಟಿನ ಹೆಂಗಸು, ನೀರಲ್ಲಿ ನೆನೆನೆನೆದು ಸುಕ್ಕಾದ ಬೆರಳುಗಳು. ಪುಸ್ತಕ ತೋರಿಸಿದಾಗ ಅವಳು ಆ ಸಾಲಿನ ಮೇಲೆ ಒಂದು ಬೆರಳಿಟ್ಟಳು. "ಬರೆದಿದೀನಾ? ನಂಗೇ ಗೊತ್ತಿರ್ಲಿಲ್ಲ" ಎಂದಳು. ಬೇರೆ ಏನೂ ಕೇಳದೆ ಜೀಪು ಹತ್ತಿದಳು. ಬಂಧನದ ಸಮಯ ಎರಡು ಇಪ್ಪತ್ತೈದು ಎಂದು ದಾಖಲಾಯಿತು.

"ಈ ಸಲ ನೀವೇನೂ ಕೇಳ್ಬೇಡಿ, ಅವ್ರು ಹೇಳಿದಷ್ಟೇ ಬರೀರಿ" ಎಂದು ಇನ್‌ಸ್ಪೆಕ್ಟರ್ ಹೇಳಿದರು. ರೈಟರ್ ತಲೆ ತಗ್ಗಿಸಿ ಬರೆದರು.

"ಡ್ರಮ್ಮುಗಳಿಗೆ ಎಣ್ಣೆ ಬಿಡಕ್ಕೆ ಹೋಗಿದ್ದೆ. ಹುಡುಗಿ ಕೂಗಿದ್ದು ಕೇಳ್ತು. ಹಿಂದೆ ಇನ್ನೊಬ್ಳು ಕೂಗಿದ್ಳು ಸಾರ್, ಹತ್ತು ವರ್ಷ ಆಯ್ತು. ಆವತ್ತು ನಾನು ಡ್ರಮ್ ಚಾಲೂ ಮಾಡ್ಬಿಟ್ಟಿದ್ದೆ, ಕೇಳಿಸ್ದೇ ಇರ್ಲಿ ಅಂತ. ಆಮೇಲೆ ಆ ಹುಡುಗಿ ಕೆಲ್ಸಕ್ಕೆ ಬರ್ಲೇ ಇಲ್ಲ. ಈ ಸಲ ಕೈ ಗುಂಡಿಗೆ ಹೋಗ್ಲಿಲ್ಲ, ಬಾಗಿಲ ಹತ್ರ ಇದ್ದ ಸಲಾಕೆಗೆ ಹೋಯ್ತು. ಹುಡುಗಿ ಓಡಿದ ಮೇಲೆ ಅವಳ ಹಿಂದೆ ಹೊರಟಿದ್ದ ಅವನು. ಒಂದೇ ಏಟು. ಕೆಲಸದ ಅಂಗಿ ಹಾಕ್ಕೊಂಡು, ಸೀರೇನ ಡ್ರಮ್ಮಿಗೆ ಹಾಕ್ದೆ."

"ಬಾಯ್ಲರ್‌ನವನು ಜೈಲಿಗೆ ಹೋದಾಗ?"

"ಸಾಕ್ಷಿ ಇಲ್ಲ, ಬಿಟ್ಟೇಬಿಡ್ತಾರೆ ಅಂದ್ಕೊಂಡೆ. ಅವನು ಯಾಕೆ ಒಪ್ಕೊಂಡ ಅಂತ ಇವತ್ತಿಗೂ ತಿಳೀಲಿಲ್ಲ. ಆಮೇಲೆ ಹೇಳಕ್ಕೆ ಧೈರ್ಯ ಬರ್ಲಿಲ್ಲ. ಮತ್ತೆ ಡ್ರಮ್ ಚಾಲೂ ಮಾಡ್ಕೊಂಡು ಕೂತೆ ಅಷ್ಟೇ. ಜಡ್ಜ್ ಮುಂದೆನೂ ಹೇಳ್ತೀನಿ, ಕರ್ಕೊಂಡು ಹೋಗಿ."

ನಾಲ್ಕೂವರೆಗೆ ಇನ್‌ಸ್ಪೆಕ್ಟರ್ ಜೈಲಿಗೆ ಹೋದರು. ವರದಿ ಕೋರ್ಟಿಗೆ ತಲುಪಿ ತೀರ್ಪಾಗಲು ಇನ್ನೂ ವಾರಗಳಿದ್ದವು. ಈ ಮಾತು ಅಷ್ಟು ದಿನ ಕಾಯುವುದು ಅವರಿಗೆ ಸರಿ ಕಾಣಲಿಲ್ಲ. ಜಾಲರಿಯ ಆಚೆ ಬಂದು ಕೂತವನಿಗೆ ಮೂವತ್ತೈದಕ್ಕೇ ತಲೆ ಅರ್ಧ ಬೆಳ್ಳಗಾಗಿತ್ತು.

"ಹೊಡೆದಿದ್ದು ನಿಮ್ಮ ತಂಗಿ ಅಲ್ಲ. ಡ್ರಮ್ಮಕ್ಕ. ಒಪ್ಕೊಂಡಿದಾರೆ."

ಅವನು ಅಲುಗಾಡದೆ ಕೂತ. "ಅವಳು ಓಡಿ ಬಂದಿದ್ದನ್ನ ನಾನು ನೋಡಿದೆ ಸಾರ್. ಒಳಗೆ ಹೋದ್ರೆ ಅವನು ಬಿದ್ದಿದ್ದ."

"ಅವಳು ಬರೀ ಓಡಿದ್ದು."

"ಮತ್ತೆ ನಾನು ಹೊಡೆದಿಲ್ಲ ಅನ್ನೋದು ಅವಳಿಗೆ ಗೊತ್ತಿತ್ತಲ್ಲ?"

"ಇಲ್ಲ. ನೀವೇ ಹೊಡೆದಿದ್ದು ಅಂದ್ಕೊಂಡಿದ್ಲು. ನಿಜ ಏನು ಅಂತ ಇವತ್ತು ಮಧ್ಯಾಹ್ನ ನಾನೇ ಅವಳಿಗೆ ಹೇಳಿದೆ."

ಅವನು ಎರಡೂ ಕೈಯಲ್ಲಿ ಜಾಲರಿ ಹಿಡಿದುಕೊಂಡು ಅತ್ತ. ನಾಲ್ಕು ವರ್ಷ, ತಿಂಗಳಿಗೆ ಎರಡು ಸಲ, ತಂಗಿ ಈಚೆ ಇದೇ ಬೆಂಚಿನ ಮೇಲೆ ಬಂದು ಕೂತಿದ್ದಳು. ಊಟ ಆಯ್ತಾ, ನಿದ್ದೆ ಬರುತ್ತಾ ಎಂದು ಇಬ್ಬರೂ ಕೇಳಿಕೊಂಡಿದ್ದರು. ನೀನೇ ಮಾಡಿದ್ಯಾ ಎಂದು ಒಬ್ಬರನ್ನೊಬ್ಬರು ಒಂದು ಸಲವೂ ಕೇಳಿರಲಿಲ್ಲ.