ಗುಹೆಯ ಮುಂದೆ ಬೆಳೆದ ನಾಲ್ವರು

"ನನ್ನ ಗಂಡನ ತಲೆ ಸರಿಯಾಗಿದೆ ಅಂತ ಯಾರಾದ್ರೂ ತೋರಿಸಿಕೊಡಬೇಕಕ್ಕ," ಎಂದು ಕೆಳಮಹಡಿಯ ಸಂಗೀತದ ಟೀಚರ್ ಕುರ್ಚಿಯ ತುದಿಯಲ್ಲಿ ಕೂತು ಹೇಳಿದಾಗ, ನಾನು ಅಂಚು ಹೊಲಿಯುತ್ತಿದ್ದ ಪರದೆಯನ್ನು ಪಕ್ಕಕ್ಕಿಟ್ಟೆ.

ಅವರು ಮಾತಾಡುತ್ತಿದ್ದದ್ದು ನನ್ನ ಸ್ವಂತ ಅಕ್ಕನ ಜೊತೆ. ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತಳಾದವಳು. ಟಿಕೆಟ್ ಇಲ್ಲದವರ ಮುಖ ನೋಡಿ ನೋಡಿ ಅವಳ ಕಣ್ಣು ನಿಜ ಹಿಡಿಯುವಷ್ಟು ಪಳಗಿತ್ತು. ಕಟ್ಟಡದಲ್ಲಿ ಏನು ಕಳೆದರೂ ಜನ ಮೆಟ್ಟಿಲು ಹತ್ತಿ ನಮ್ಮಲ್ಲಿಗೇ ಬರುತ್ತಿದ್ದರು.

ಟೀಚರ ಗಂಡ ಕಟ್ಟಡಗಳ ನಕ್ಷೆ ಬರೆಯುವವರು. ಹಿಂದಿನ ವರ್ಷ ಲಕ್ವ ಹೊಡೆದು ಬಲಗೈ ಸೋತಿತ್ತು. ಕೈ ಪಳಗಲೆಂದು ಟೀವಿಗೆ ಜೋಡಿಸಿದ ಒಂದು ಜಪಾನಿ ವಿಡಿಯೋ ಗೇಮ್ ಆಡುತ್ತಿದ್ದರು. ನಾಲ್ವರು ವೀರರನ್ನು ಕಟ್ಟಿಕೊಂಡು ಊರೂರು ಅಲೆದು, ರಾಕ್ಷಸರನ್ನು ಹೊಡೆದು, ಬಲ ಬೆಳೆಸಿಕೊಳ್ಳುತ್ತಾ ಕತೆಯ ಕೊನೆ ಮುಟ್ಟುವ ಉದ್ದದ ಆಟ. ಒಂದು ಗುಹೆಯ ರಾಕ್ಷಸ ಮೇಲಿಂದ ಮೇಲೆ ಸೋಲಿಸಿದಾಗ ಬೇಸತ್ತು ಕೆಲವು ವಾರ ಅದನ್ನು ಮುಟ್ಟಿರಲಿಲ್ಲ.

"ಮೊನ್ನೆ ಮತ್ತೆ ಹಾಕಿದ್ರು. ನಿಂತ ಜಾಗ ಅದೇ. ಆದ್ರೆ ನಾಲ್ವರೂ ಎರಡರಷ್ಟು ಬಲವಾಗಿದ್ದಾರೆ. ಮಗಳನ್ನೂ ನನ್ನ ತಮ್ಮನನ್ನೂ ಕೇಳಿದ್ರು. ಇಬ್ಬರೂ ಮುಟ್ಟಿಲ್ಲ ಅಂದ್ರು. 'ಹಾಗಾದ್ರೆ ನಾನೇ ಆಡಿ ಮರೆತಿದ್ದೀನಿ' ಅಂತಾರೆ. ಕೆಲಸಕ್ಕೆ ವಾಪಸ್ ಬರ್ತಾರಾ ಇಲ್ವಾ ಅಂತ ಸೋಮವಾರ ಆಫೀಸಿಗೆ ಉತ್ತರ ಹೇಳಬೇಕು. ಮರೆವಿನವನು ಎಳೆದ ಗೆರೆ ಮೇಲೆ ಜನ ವಾಸ ಮಾಡೋದು ಬೇಡ, ಕೆಲಸ ಬಿಡ್ತೀನಿ ಅಂತ ಕೂತಿದ್ದಾರೆ. ಇದನ್ನ ನನಗೊಬ್ಬಳಿಗೇ ಹೇಳಿರೋದು."

"ಬೇರೆ ಯಾರಿಗೂ ಹೇಳಿಲ್ಲ ತಾನೆ?"

"ಇಲ್ಲ."

"ಹೇಳಬೇಡಿ. ನಾಳೆ ನಾವು ಆಟ ನೋಡೋಕೆ ಬರ್ತೀವಿ."

ಮರುದಿನ ಹೋದಾಗ ಮನೆಯವರೆಲ್ಲ ಇದ್ದರು. ನಕ್ಷೆಗಾರರ ತಾಯಿ ಕಿಟಕಿಯ ಬಳಿ ಬೀನ್ಸ್ ನಾರು ತೆಗೆಯುತ್ತಾ ಏನೋ ಗುನುಗುತ್ತಿದ್ದರು.

"ಅತ್ತೆಗೆ ಹೊಸ ಹಾಡಿನ ಹುಚ್ಚು," ಎಂದರು ಟೀಚರ್. "ಒಂದೇ ಸಾಲು, ದಿನವಿಡೀ. ಯಾವುದು ಅಂದ್ರೆ ಗೊತ್ತಿಲ್ಲ ಅಂತಾರೆ."

"ನಿನ್ನ ಶಿಷ್ಯರಿಗಿಂತ ಶ್ರುತೀಲೇ ಇದೆ, ಬಿಡು," ಎಂದಿತು ಮುದುಕಿ.

ನಕ್ಷೆಗಾರರು ಕಿವಿಗೆ ಹಾಕಿದ್ದ ಹೆಡ್‌ಫೋನ್ ತೆಗೆದರು. ಹೆಂಡತಿ ಪಾಠ ಹೇಳುವ ಮನೆಯಾದ್ದರಿಂದ ಸದ್ದು ಹೊರಗೆ ಬಿಟ್ಟು ಅವರು ಎಂದೂ ಆಡಿದವರಲ್ಲ.

"ಈ ಜಪಾನಿ ಆಟಗಳಲ್ಲಿ ಅಂಥದ್ದೇನಿದೆ?" ಎಂದು ಅಕ್ಕ ಕೇಳಿದಳು.

"ಇದು ಕಾಯುತ್ತೆ ಅಕ್ಕಾ. ನಮ್ಮ ಸರದಿ ಬಂದಾಗ ಎದುರಿನ ರಾಕ್ಷಸ ಸುಮ್ಮನೆ ನಿಂತಿರ್ತಾನೆ. ನನ್ನ ಬೆರಳು ಗುಂಡಿ ಹುಡುಕೋವರೆಗೂ ಹೊಡೆಯಲ್ಲ. ಅಷ್ಟು ತಾಳ್ಮೆ ಡಾಕ್ಟರಿಗೂ ಇಲ್ಲ. ಕೈ ಪೂರಾ ಸೋತರೆ ಯಾರನ್ನಾದ್ರೂ ಕರೀತೀನಿ. ಆಟ ನಿಂತಲ್ಲಿಗೇ ಸೇವ್ ಮಾಡಿ ಉಳಿಸೋದು ಹೇಗೆ ಅಂತ ಮನೇಲಿ ಎಲ್ಲರಿಗೂ ಕಲಿಸಿದ್ದೀನಿ."

"ಕಾಯುತ್ತಂತೆ," ಎಂದು ಮಗಳು ಸೋಫಾದಿಂದಲೇ ಮೂಗು ಮುರಿದಳು. "ಅಪ್ಪ, ಎರಡು ಹೆಜ್ಜೆಗೊಂದು ಜಗಳ. ಒಂದು ಬಾಗಿಲು ದಾಟೋಕೆ ಊರಿನವರೆಲ್ಲರ ಗೋಳು ಕೇಳಬೇಕು. ಪ್ರಪಂಚ ಮುಳುಗ್ತಿದ್ರೂ ವೀರರು ಕಳೆದುಹೋದ ಬೆಕ್ಕು ಹುಡುಕ್ತಿರ್ತಾರೆ. ನಾನಾದ್ರೆ ತಾನಾಗೇ ಹೊಡೆದಾಡೋ ಗುಂಡಿ ಒತ್ತಿ ಎದ್ದುಹೋಗ್ತೀನಿ."

"ಹೋಗ್ತೀಯ, ವಾಪಸ್ ಬರೋ ಹೊತ್ತಿಗೆ ಆ ವೀರರು ಚೀಲದಲ್ಲಿರೋ ಔಷಧಿಯೆಲ್ಲ ಕುಡಿದು ಮುಗಿಸಿರ್ತಾರೆ," ಎಂದ ಟೀಚರ ತಮ್ಮ. ಟ್ಯಾಕ್ಸಿ ಓಡಿಸುವವನು, ಭಾವನನ್ನು ದಿನವೂ ಆಸ್ಪತ್ರೆಗೆ ಬಿಟ್ಟು ಬಾಡಿಗೆಗೆ ಹೋಗುತ್ತಿದ್ದ. ಮನೆಯ ಬೀಗದ ಕೈ ಅವನಲ್ಲೂ ಒಂದಿತ್ತು. "ಆ ಬೆಕ್ಕಿನ ಕತೇಲೇ ಅಲ್ವಾ ಮಜಾ ಇರೋದು? ಬೇರೆ ಆಟದಲ್ಲಿ ಬಂದೂಕು ನೆನಪಿರುತ್ತೆ. ಇದರಲ್ಲಿ ಜನ ನೆನಪಿರ್ತಾರೆ."

"ಮಾಮ ಕಣ್ಣೊರೆಸಿಕೊಳ್ತಾನೆ ಅಕ್ಕಾ, ನಾನು ನೋಡಿದ್ದೀನಿ."

"ಒರೆಸಿಕೊಂಡೆ, ಏನೀಗ? ಬಲ ಬೆಳೆಸೋಕೆ ಒಂದೇ ಜಾಗದಲ್ಲಿ ಸುತ್ತಿ ಸುತ್ತಿ ಹೊಡೆಯೋದು ಬೇಜಾರೇ, ಒಪ್ತೀನಿ. ಆದ್ರೆ ಬಲ ಏರಿದಾಗ ವಿದ್ಯೆ ಕಲಿಯೋಕೆ ಅಂಕ ಕೊಡ್ತಾರೆ. ಯಾರಿಗೆ ಬೆಂಕಿ, ಯಾರಿಗೆ ಗಾಯ ವಾಸಿ ಮಾಡೋ ಮಂತ್ರ ಅಂತ ನಾವೇ ಹಂಚಬೇಕು. ಒಂದು ಅಂಕ ಸಿಕ್ಕರೂ ನನ್ನ ಕೈ ಸುಮ್ಮನಿರಲ್ಲ."

"ಈ ನಾಲ್ವರ ಸ್ಥಿತಿ ತೋರಿಸಿ," ಎಂದಳು ಅಕ್ಕ.

ನಕ್ಷೆಗಾರರು ಒಂದೊಂದಾಗಿ ತೆರೆದರು. ಅಂಕಗಳು ರಾಶಿ ಬಿದ್ದಿದ್ದವು. ಹೊಸ ವಿದ್ಯೆ ಒಂದೂ ಕಲಿತಿರಲಿಲ್ಲ. ಚೀಲದಲ್ಲಿ ಔಷಧಿ ಹಾಗೇ ಇತ್ತು. ಅದರ ಕೆಳಗೆ ಬಸವನಹುಳುವಿನ ಚಿಪ್ಪುಗಳು ತುಂಬಿ ತುಳುಕುತ್ತಿದ್ದವು.

"ಈ ಹುಳು ಎಲ್ಲಿ ಸಿಗುತ್ತೆ?"

"ಇಲ್ಲೇ, ಗುಹೆ ಮುಂದಿನ ಊರಬಾಗಿಲ ಹೊರಗೆ. ಆಟದಲ್ಲೇ ಅತಿ ಬಡಪಾಯಿ ಪ್ರಾಣಿ," ಎಂದ ತಮ್ಮ. "ಅದನ್ನ ಹೊಡೆದು ಇಷ್ಟು ಬಲ ಬರಿಸೋಕೆ ವಾರಗಟ್ಟಲೆ ಬೇಕು. ಗೊತ್ತಿದ್ದವರು ಯಾರೂ ಮಾಡಲ್ಲ." ನಕ್ಷೆಗಾರರು ತಲೆ ತಗ್ಗಿಸಿದರು. ಟೀಚರ್ ಗೋಡೆಯ ಕಡೆ ತಿರುಗಿದರು.

ಅಕ್ಕ ಹೆಡ್‌ಫೋನಿನ ತಂತಿ ಕಿತ್ತಳು. "ನೀನು ಒಂದು ಹುಳು ಹೊಡಿ ನೋಡೋಣ," ಎಂದು ಟ್ಯಾಕ್ಸಿಯವನಿಗೆ ಹೇಳಿದಳು. ಅವನು ಹೊಡೆದ. ಗೆದ್ದ ಖುಷಿಗೆ ಟೀವಿಯಿಂದ ಪುಟ್ಟ ರಾಗವೊಂದು ಹೊಮ್ಮಿತು. ಟೀಚರ್ ಸರಕ್ಕನೆ ಅತ್ತೆಯ ಕಡೆ ನೋಡಿದರು. ಮುದುಕಿಯ ಕೈಯಲ್ಲಿದ್ದ ಬೀನ್ಸ್ ಅಲ್ಲೇ ನಿಂತಿತ್ತು.

"ಎಲ್ಲರೂ ಹತ್ತಿರ ಬನ್ನಿ," ಎಂದಳು ಅಕ್ಕ. "ನೀವೂ ಬನ್ನಿ ಅಮ್ಮಾ. ಇಲ್ಲಿ ಯಾರೂ ಕಳ್ಳರಲ್ಲ, ಹೆದರಬೇಡಿ.

"ಟ್ಯಾಕ್ಸಿ ತಮ್ಮ ಆಡಿದ್ರೆ ಅಂಕ ಬಿಡ್ತಿರಲಿಲ್ಲ, ಹುಳು ಹಿಂದೆ ಹೋಗ್ತಿರಲಿಲ್ಲ. ಮಗಳು ಆಡಿದ್ರೆ ಗುಂಡಿ ಒತ್ತಿ ಎದ್ದುಹೋಗ್ತಿದ್ಲು, ಔಷಧಿ ಉಳೀತಿರಲಿಲ್ಲ. ಯಜಮಾನರೇ, ನೀವೂ ಆಡಿಲ್ಲ. ಹಿಂದೆ ಕಲಿಸಿದ ವಿದ್ಯೆಗಳನ್ನೆಲ್ಲ ಅಳೆದು ತೂಗಿ ಹಂಚಿದ್ದೀರಿ, ಈಗ ನೋಡಿದೆ. ಆಡಿದ್ದು ಮರೆತುಹೋಗಬಹುದು, ಆಡೋ ರೀತಿ ಒಂದು ತಿಂಗಳಿಗೆ ಬದಲಾಗಲ್ಲ. ಆಡಿದವರಿಗೆ ಪರದೆ ಮೇಲಿನ ಸಣ್ಣ ಅಕ್ಷರ ಕಾಣಲ್ಲ. ಹೊಡೆಯೋ ಗುಂಡಿ ಗೊತ್ತು, ಉಳಿಸೋ ಗುಂಡಿ ಗೊತ್ತು, ಅಷ್ಟೇ. ನಾಲ್ವರಲ್ಲಿ ಒಬ್ಬರಿಗೂ ನೋವಾಗಬಾರದು ಅಂತ ಬಡಪಾಯಿ ಹುಳುನೇ ಆರಿಸಿಕೊಂಡ್ರು. ಹೆಡ್‌ಫೋನ್ ಹಾಕ್ಕೊಳ್ಳಲಿಲ್ಲ. ಅದಕ್ಕೇ ಗೆದ್ದಾಗಿನ ರಾಗ ಬಾಯಿಗೆ ಹತ್ತಿಬಿಡ್ತು."



"ಅಜ್ಜಿ?" ಎಂದಳು ಮೊಮ್ಮಗಳು.

"ನನ್ನನ್ನ ಯಾರೂ ಕೇಳಲೇ ಇಲ್ಲವಲ್ಲೇ," ಎಂದಿತು ಮುದುಕಿ. "ಸಣ್ಣವನ್ನ ಹೊಡೀತಾ ಹೊಡೀತಾ ದೊಡ್ಡವನನ್ನ ಹೊಡೆಯೋ ಶಕ್ತಿ ಬರುತ್ತೆ ಅಂತ ಇವನೇ ಹೇಳಿದ್ದ. ಗುಹೇಲಿ ಸೋತ ದಿನ ಆ ಕೈಯನ್ನ ಮಂಚಕ್ಕೆ ಕುಟ್ಟಿಕೊಂಡ. ನೀವೆಲ್ಲ ಹೊರಗೆ ಹೋದ ಮೇಲೆ ಕೂರ್ತಿದ್ದೆ. ಇವನಿಗೆ ಗೊತ್ತಾಗದೆ ಗೆದ್ದುಬಿಡ್ಲಿ, ತಾನೇ ಗೆದ್ದೆ ಅಂದ್ಕೊಳ್ಲಿ ಅಂತ."

"ಗೊತ್ತಾಗದೇ ಇರೋಕೆ ಆಗಲಿಲ್ಲ ಅಮ್ಮಾ," ಎಂದಳು ಅಕ್ಕ. "ನಿಮ್ಮ ಮಗ ವಾರಗಳ ಮೇಲೆ ಆಟ ಹಾಕಿದ್ರೂ ನಾಲ್ವರೂ ಮೊದಲಿನ ಹಾಗಿಲ್ಲ ಅಂತ ನೋಡಿದ ಕೂಡಲೇ ಹೇಳಿದ್ರು. ಅಷ್ಟು ನೆನಪಿರೋ ಮನುಷ್ಯ ತನಗೆ ಮರೆವು ಬಂದಿದೆ ಅಂತ ಕೆಲಸ ಬಿಡೋಕೆ ಹೊರಟಿದ್ದಾರೆ."

ಮುದುಕಿ ಮಗನ ಕಡೆ ತಿರುಗಿತು. "ಕೆಲಸ ಬಿಡ್ತೀಯೇನೋ? ನನ್ನಿಂದ?"

"ಇಲ್ಲಮ್ಮ." ನಕ್ಷೆಗಾರರು ಸೋತ ಕೈಯಿಂದಲೇ ತಾಯಿಯ ಕೈ ಹಿಡಿದರು. ಹಿಡಿತ ಸಡಿಲವಾಗಿತ್ತು, ಆದರೆ ಬಿಡಲಿಲ್ಲ. "ಈಗ ಬಿಡಲ್ಲ."

"ಆ ನಾಲ್ವರನ್ನ ಏನು ಮಾಡೋಣ ಭಾವ?" ಎಂದ ತಮ್ಮ. "ಮೊದಲಿಂದ ಶುರು ಮಾಡ್ತೀರಾ?"

"ಯಾಕೆ? ಅಮ್ಮ ಬೆಳೆಸಿದ್ದಾಳೆ, ವಿದ್ಯೆ ನಾನು ಕಲಿಸ್ತೀನಿ," ಎಂದು ಅವರು ಹೆಂಡತಿಯ ಕಡೆ ತಿರುಗಿದರು. "ಫೋನ್ ಕೊಡು. ಆಫೀಸಿನವರನ್ನ ಸೋಮವಾರದ ತನಕ ಯಾಕೆ ಕಾಯಿಸಬೇಕು?"