ಕೆಂಪು ಕಾರಿನ ಕಟಕಟ

"ಬಂತು," ಎಂದಳು ಚೂಟಿ, ಸೀಟಿನ ಅಂಚನ್ನು ಬಿಗಿಯಾಗಿ ಹಿಡಿದು. "ಅಜ್ಜ, ಕೇಳು. ಈಗ ಬಂತು."

ರೈಲ್ವೆ ಗೇಟು ಬಿದ್ದಿತ್ತು. ಸಂಜೆಯ ಮಂಜು ಹಳಿಗಳ ಮೇಲೆ ಇಳಿದು, ಆಚೆ ಬದಿಯ ದೀಪದ ಕಂಬವನ್ನೇ ನುಂಗಿಬಿಟ್ಟಿತ್ತು. ಗೇಟಿನ ಮುಂದೆ ಅಜ್ಜನ ಕೆಂಪು ಸ್ಪೋರ್ಟ್ಸ್ ಕಾರು ಒಂದೇ ನಿಂತಿತ್ತು. ಚೂಟಿಯ ಅಮ್ಮ ಹುಟ್ಟುವುದಕ್ಕೂ ಮೊದಲಿನ ಕಾರು ಅದು. ಎರಡೇ ಸೀಟು, ಗೇರಿಗೆ ಉದ್ದನೆಯ ಕಡ್ಡಿ. ಅಜ್ಜ ಗೇರನ್ನು ನ್ಯೂಟ್ರಲ್ಲಿಗೆ ತಂದು, ಕ್ಲಚ್ಚಿನಿಂದ ಕಾಲು ತೆಗೆದು ಆರಾಮಾಗಿ ಕೂತಿದ್ದ.

ಆಗಲೇ ಶುರುವಾಯಿತು. ಕಟಕಟ. ಕಟಕಟಕಟ. ಗೇರ್ ಕಡ್ಡಿಯ ಬುಡದಲ್ಲಿ, ಕತ್ತಲೆಯೊಳಗೆ ಯಾರೋ ಚಳಿಗೆ ಹಲ್ಲು ಕಟಕಟಿಸುತ್ತಿರುವ ಹಾಗೆ. ಚೂಟಿ ಕಾಲು ಎತ್ತಿ ಸೀಟಿನ ಮೇಲೆ ಇಟ್ಟುಕೊಂಡಳು.

ಅಜ್ಜ ಮುಂದಿನ ರಸ್ತೆಯನ್ನೇ ನೋಡುತ್ತಾ ನಕ್ಕು, "ಹೂಂ, ಹೌದೌದು," ಎಂದ.

ರೈಲು ಹೋಯಿತು, ಗೇಟು ಎದ್ದಿತು. ಅಜ್ಜ ಕ್ಲಚ್ಚಿನ ಮೇಲೆ ಕಾಲಿಟ್ಟಿದ್ದೇ ತಡ, ಕಟಕಟ ಥಟ್ಟನೆ ನಿಂತಿತು. ನಿಧಾನಕ್ಕೆ ಕಡಿಮೆಯಾಗಿ ನಿಲ್ಲಲಿಲ್ಲ. ಯಾರೋ ಕೇಳಿಸಿಕೊಳ್ಳುತ್ತಿದ್ದಾರೆ ಅಂತ ಗೊತ್ತಾಗಿ ಬಾಯಿ ಮುಚ್ಚಿಕೊಂಡಂತೆ ನಿಂತಿತು. ಚೂಟಿಗೆ ಭಯವಾಗಿದ್ದು ಶಬ್ದಕ್ಕಲ್ಲ, ಅದು ಹಾಗೆ ನಿಲ್ಲುತ್ತಿದ್ದುದಕ್ಕೆ.

ಮನೆಗೆ ಬಂದ ಮೇಲೆ ಅಮ್ಮನಿಗೆ ಹೇಳಿದಳು. ಅಮ್ಮ ಸ್ಕೂಲ್ ವ್ಯಾನ್ ಓಡಿಸುವವಳು, ಗಾಡಿ ಅಂದರೆ ಅವಳಿಗೆ ನೀರು ಕುಡಿದಷ್ಟು ಸಲೀಸು. ಬೇಸರ ಮಾಡದೆ ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡು ಅದೇ ಕಾರಿನಲ್ಲಿ ಗೇಟಿನವರೆಗೂ ಹೋದಳು. ಕಾರು ನಿಲ್ಲಿಸಿ, ಗೇರು ತೆಗೆದು, ಇಬ್ಬರೂ ಕಿವಿಗೊಟ್ಟು ಕೂತರು. ಇಂಜಿನ್ ಗುರ್ ಅನ್ನುತ್ತಿತ್ತು, ಅಷ್ಟೇ. ಕಟಕಟ ಇಲ್ಲ.

"ಅಜ್ಜ ಶಬ್ದದ ಮಾತೇ ಎತ್ತಿಲ್ಲ, ನಂಗೂ ಕೇಳಲ್ಲ. ನಿನಗೊಬ್ಬಳಿಗೇ ಕೇಳುತ್ತೆ ಅಂದ್ರೆ ಏನು ಪುಟ್ಟಾ?" ಎಂದಳು ಅಮ್ಮ.

ಚೂಟಿಗೆ ಅಳು ಬಂದಂತಾಯಿತು. ತಾನು ಕತೆ ಕಟ್ಟುತ್ತಿದ್ದೇನೆ ಅಂತ ಅಮ್ಮ ತಿಳಿದುಕೊಂಡಿದ್ದಾಳೆ. ಸ್ಕೂಲಿನಲ್ಲಿ ಪಕ್ಕದ ಬೆಂಚಿನ ಗೆಳತಿ ನಂಬಿದಳು ನಿಜ, ಆದರೆ ಅವಳು ನಂಬಿದ ರೀತಿಯೇ ಬೇರೆ. ಅಜ್ಜನಿಗಿಂತ ಮುಂಚೆ ಆ ಕಾರು ಯಾರದ್ದೋ ಆಗಿತ್ತಲ್ಲ, ಆತ ಇನ್ನೂ ಇಳಿದೇ ಇಲ್ಲವಂತೆ. ಹೀಗೆ ಹೇಳಿ ಪುಣ್ಯಾತ್ಗಿತ್ತಿ ತನ್ನ ಪಾಡಿಗೆ ತಾನು ಟಿಫಿನ್ ಬಾಕ್ಸ್ ತೆಗೆದು ತಿನ್ನತೊಡಗಿದಳು. ಚೂಟಿ ಮಾತ್ರ ತನ್ನ ಡಬ್ಬಿಯನ್ನು ಮುಚ್ಚಿಟ್ಟಳು.

ಇನ್ನು ಆ ಕಾರು ಹತ್ತಲ್ಲ ಅಂದುಬಿಡಬಹುದಿತ್ತು. ಅಮ್ಮನ ವ್ಯಾನಿನಲ್ಲೇ ಬರಬಹುದಿತ್ತು. ಆದರೆ ಮೊಮ್ಮಗಳನ್ನು ಸ್ಕೂಲಿನಿಂದ ಕರೆತರುವುದೊಂದೇ ಅಜ್ಜನಿಗಿದ್ದ ಕೆಲಸ. ಅದಕ್ಕಾಗಿ ಮಧ್ಯಾಹ್ನದಿಂದಲೇ ಷರ್ಟು ಹಾಕಿಕೊಂಡು ಕಾಯುತ್ತಿದ್ದ. ಬೇಡ ಅನ್ನಲು ಚೂಟಿಗೆ ನಾಲಿಗೆ ಏಳಲಿಲ್ಲ.

ರಜೆಯ ದಿನ ಬೆಳಿಗ್ಗೆ ಅಮ್ಮನೇ ಸ್ಪ್ಯಾನರ್ ಅಕ್ಕನನ್ನು ಕರೆಸಿದಳು. ವ್ಯಾನ್ ರಿಪೇರಿ ಮಾಡುವ ಅವಳ ಜೇಬಿನಲ್ಲಿ ಯಾವಾಗಲೂ ಸ್ಪ್ಯಾನರ್ ಇಣುಕುತ್ತಿದ್ದುದರಿಂದ ಆ ಹೆಸರು. ಮಗಳ ಹೆದರಿಕೆ ಹೋಗಲಿ ಎನ್ನುವುದಷ್ಟೇ ಅಮ್ಮನ ಆಸೆ.

ಕಾರಿನ ಷೆಡ್ಡಿನೊಳಗೆ ಹಗಲಲ್ಲೂ ಅರೆಗತ್ತಲೆ. ಅಮ್ಮ ಕಾರಿನಲ್ಲಿ ಕೂತು ಇಂಜಿನ್ ಚಾಲೂ ಮಾಡಿದಳು. ಅಕ್ಕ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಗೇರ್‌ಬಾಕ್ಸಿಗೆ ಒತ್ತಿ, ಹಿಡಿಯನ್ನು ಕಿವಿಗೆ ಹಚ್ಚಿ ಕಣ್ಣು ಮುಚ್ಚಿದಳು. ಅಜ್ಜ ಬೆನ್ನು ತಿರುಗಿಸಿ ನಿಂತು, ಬಟ್ಟೆಯಿಂದ ಗೋಡೆಯ ಕಪಾಟಿನ ಗಾಜು ಒರೆಸುತ್ತಿದ್ದ. ಕಟಕಟ ಬರಲೇ ಇಲ್ಲ.

ಶಬ್ದ ಯಾವಾಗ ಬರುತ್ತೆ ಅಂತ ಅಕ್ಕ ಕೇಳಿದಳು. ಅಜ್ಜ ಓಡಿಸುವಾಗ ಮಾತ್ರ, ಅದೂ ಕಾರು ನಿಂತಾಗ, ಎಂದಳು ಚೂಟಿ. ಅದು ಅಜ್ಜನನ್ನೇ ಯಾಕೆ ಆರಿಸಿಕೊಂಡಿದೆ? ತೆರೆದ ಬಾಗಿಲ ಬಳಿ ಬಗ್ಗಿ ಕಾರಿನೊಳಗಿನ ಕತ್ತಲೆಯನ್ನು ನೋಡಿದಳು. ಅಲ್ಲಿ ಯಾರೂ ಇರಲಿಲ್ಲ. ಅಮ್ಮನ ಚಪ್ಪಲಿಯ ಕಾಲು ಮಾತ್ರ ಕಂಡಿತು. ಅದು ಎಡಗಡೆಯ ಪೆಡಲಿನ ಮೇಲೆ ಹಗುರಾಗಿ ಕೂತಿತ್ತು.

"ಅಮ್ಮ, ಕಾಲು ತೆಗಿ."

"ನಾನೇನು ಒತ್ತಿಲ್ಲ ಕಣೇ, ಸುಮ್ನೆ ಇಟ್ಟಿದೀನಿ ಅಷ್ಟೇ."

"ಸುಮ್ನೆ ಇಟ್ಟಿದ್ದನ್ನೂ ತೆಗಿ."

ದಿನವಿಡೀ ಮಕ್ಕಳನ್ನು ಹತ್ತಿಸಿ ಇಳಿಸಿ, ನಿಲ್ಲಿಸಿ ಹೊರಡಿಸಿ, ಅಮ್ಮನ ಎಡಗಾಲಿಗೆ ಕ್ಲಚ್ಚಿನ ಮೇಲೆಯೇ ಮನೆಯಾಗಿಬಿಟ್ಟಿತ್ತು. ಅದು ಅವಳಿಗೇ ಗೊತ್ತಿರಲಿಲ್ಲ. ಅವಳು ಕಾಲು ತೆಗೆದಳು.

ಕಟಕಟ. ಕಟಕಟಕಟಕಟ.

ಷೆಡ್ಡಿನ ತಗಡಿನ ಗೋಡೆಗಳೆಲ್ಲ ಹಲ್ಲು ಕಡಿದಂತಾಯಿತು. ಅಮ್ಮನ ಮುಖದ ಬಣ್ಣ ಹೋಯಿತು. ಅಕ್ಕ ಮಾತ್ರ ಕಣ್ಣು ತೆರೆಯದೆ, ಕಾಲಿಡು ಎಂದಳು, ತೆಗಿ ಎಂದಳು, ಮತ್ತೆ ಇಡು ಎಂದಳು. ಇಟ್ಟರೆ ಮೌನ, ತೆಗೆದರೆ ಕಟಕಟ. ಆಮೇಲೆ ಸ್ಕ್ರೂಡ್ರೈವರ್ ಕೆಳಗಿಟ್ಟು ವಿವರಿಸಿದಳು. ಇಂಜಿನ್ನಿನ ಬೆನ್ನಿಗೆ ಫ್ಲೈವೀಲ್ ಅಂತ ಭಾರದ ಚಕ್ರ ಇರುತ್ತೆ. ಅದು ಹಾಳಾಗಿದ್ದರೆ ಪೆಡಲನ್ನು ಪೂರ್ತಿ ಒತ್ತಿದಾಗಲೇ ಶಬ್ದ ನಿಲ್ಲಬೇಕಿತ್ತು. ಹೀಗೆ ಕಾಲು ತಗುಲಿದರೆ ಸಾಕು ನಿಲ್ಲುತ್ತೆ ಅಂದರೆ, ಕ್ಲಚ್ಚನ್ನು ತಳ್ಳುವ ಬೇರಿಂಗ್ ಸವೆದು, ಅದನ್ನು ಹಿಡಿದಿರುವ ಕವೆ ಸಡಿಲವಾಗಿದೆ. ಅದು ಕಳಚಿಕೊಂಡರೆ ಕ್ಲಚ್ ಕೆಲಸ ಮಾಡಲ್ಲ, ನಡುಹಾದಿಯಲ್ಲಿ ಗೇರು ಬೀಳಲ್ಲ.

ಎಲ್ಲಿ ಬೇಕಾದರೂ ಆಗಬಹುದಿತ್ತಾ, ಹಳಿಗಳ ಮೇಲೂ, ಅಂತ ಅಮ್ಮ ಕೇಳಿದಳು. ಅಕ್ಕ ಹೌದೆಂದು ತಲೆಯಾಡಿಸಿದಳು.

ಚೂಟಿಗೆ ಖುಷಿಯಾಗಬೇಕಿತ್ತು. ತಾನು ಹೇಳಿದ್ದು ನಿಜವಾಯಿತು, ಕಾರಿನೊಳಗೆ ಯಾರೂ ಇಲ್ಲ. ಆದರೆ ಅಮ್ಮ ಈಗ ಕಾರನ್ನು ನೋಡುತ್ತಿರಲಿಲ್ಲ. ಅಜ್ಜನ ಬೆನ್ನನ್ನು ನೋಡುತ್ತಿದ್ದಳು.

"ಅಪ್ಪ," ಎಂದಳು ಅಮ್ಮ. ಇನ್ನೊಂದು ಸಲ ಜೋರಾಗಿ, "ಅಪ್ಪ."

ಷೆಡ್ಡು ತುಂಬ ಕಟಕಟ ಅನ್ನುತ್ತಿತ್ತು. ಅಜ್ಜ ಗಾಜು ಒರೆಸುತ್ತಲೇ ಇದ್ದ. ಅವನ ಸುತ್ತ ಮಾತ್ರ ಬೇರೆಯೇ ಒಂದು ಮೌನ ಇದ್ದಂತಿತ್ತು, ಅದರೊಳಗೆ ಯಾರ ದನಿಯೂ ಹೋಗುತ್ತಿರಲಿಲ್ಲ. ಚೂಟಿಗೆ ಗೇಟಿನ ಬಳಿಗಿಂತ ಹೆಚ್ಚು ಹೆದರಿಕೆಯಾಯಿತು.

ಗಾಜಿನಲ್ಲಿ ಎಲ್ಲರ ನೆರಳು ಕಂಡಿರಬೇಕು, ಅಜ್ಜ ತಿರುಗಿದ. ಎಲ್ಲರೂ ತನ್ನನ್ನೇ ನೋಡುತ್ತಿರುವುದು ಕಂಡು, ಮೆಲ್ಲಗೆ ನಕ್ಕು, "ಹೂಂ, ಹೌದೌದು," ಎಂದ.

ಗೆಳತಿಯ ಜೊತೆ ಟೂ ಬಿಟ್ಟಿದ್ದು, ಲೆಕ್ಕದ ಪೀರಿಯಡ್ಡಿನಲ್ಲಿ ಅತ್ತಿದ್ದು, ಅಮ್ಮನಿಗೂ ಹೇಳದ ಗುಟ್ಟುಗಳನ್ನೆಲ್ಲ ಅವಳು ಅಜ್ಜನ ಪಕ್ಕದಲ್ಲಿ ಕೂತೇ ಹೇಳಿದ್ದಳು. ಎಲ್ಲದಕ್ಕೂ ಅಜ್ಜ ಇದೇ ಎರಡು ಮಾತು ಹೇಳಿದ್ದ.

ಅವಳು ಹೋಗಿ ಅಜ್ಜನ ಕೈ ಹಿಡಿದು ಕರೆತಂದು, ಅಂಗೈಯನ್ನು ಗೇರ್ ಕಡ್ಡಿಯ ಮೇಲೆ ಇಡಿಸಿದಳು. ಅದು ಅಂಗೈಯೊಳಗೆ ಅದುರುತ್ತಿತ್ತು. ಆಮೇಲೆ ಅವನ ನಗು ಕರಗಿತು.

"ಇದಾ? ಹಳೇ ಗಾಡಿ, ಮೈ ನಡುಗುತ್ತೆ ಅಂದ್ಕೊಂಡಿದ್ದೆ," ಎಂದ ಅಜ್ಜ. ತಡೆದು, "ನೀನು ಹೇಳಿದ್ದೆಯಾ, ಪುಟ್ಟಾ?" ಎಂದ.

ಅವನ ಕಣ್ಣು ಚೂಟಿಯ ತುಟಿಗಳ ಮೇಲಿತ್ತು. ಎದುರಿಗೆ ನಿಂತು ಮಾತಾಡಿದಾಗಲೆಲ್ಲ ಅಲ್ಲೇ ಇರುತ್ತಿತ್ತು, ಅವಳು ಗಮನಿಸಿರಲಿಲ್ಲ.

"ಹೇಳಿದ್ದೆ ಅಜ್ಜ," ಎಂದಳು ಚೂಟಿ. "ಪಕ್ಕದಲ್ಲಿ ಕೂತು ಹೇಳಿದ್ದೆ."

ಅಜ್ಜ ತಾನೇ ಬಗ್ಗಿ ಇಂಜಿನ್ ಆಫ್ ಮಾಡಿ, ಕೀಲಿ ತೆಗೆದು ಅಮ್ಮನ ಕೈಗೆ ಕೊಟ್ಟ. ಎಲ್ಲ ನಿಶ್ಶಬ್ದವಾಯಿತು. ಅಜ್ಜ ಷೆಡ್ಡಿನ ಹೊರಗೆ ಹೋಗಿ ಮೆಟ್ಟಿಲ ಮೇಲೆ ಕುಳಿತ.

ಚೂಟಿ ಅವನ ಹಿಂದೆಯೇ ಓಡಿದಳು. ಪಕ್ಕದಲ್ಲಿ ಕೂರಲು ಹೋದವಳು ಕೂರಲಿಲ್ಲ. ಸುತ್ತಿ ಬಂದು, ಮುಖದ ಮೇಲೆ ಬೆಳಕು ಬೀಳುವಂತೆ ಅವನ ಎದುರಿಗೆ ನಿಂತಳು. ಗೆಳತಿ ಟೂ ಬಿಟ್ಟ ದಿನದಿಂದ ಹಿಡಿದು, ಒಂದೊಂದೇ ಮಾತನ್ನು ನಿಧಾನವಾಗಿ ಹೇಳತೊಡಗಿದಳು.